ಅಧ್ಯಕ್ಷರ ಜುಬ್ಬದ ಒಂದೇ ಸಾಲು

ವರ್ತಕರ ಸಂಘದ ಅಧ್ಯಕ್ಷ ಚಿಕ್ಕರಂಗಪ್ಪನವರು ಕಸೂತಿ ಅಂಗಡಿಯ ಮೇಜಿನ ಮೇಲೆ ಹೊಸ ಜುಬ್ಬ ಬಿಸಾಕಿದರು. ಎದೆಯ ಜೇಬಿನಿಂದ ಶುರುವಾಗಿ ಹನ್ನೊಂದು ಬಿರುದು, ಕೊನೆಗೆ ಹೆಸರು. ಹೆಬ್ಬೆರಳ ಗಾತ್ರದ ಅಕ್ಷರ, ಎಲ್ಲ ಒಂದೇ ಸಾಲಿನಲ್ಲಿ ಬರಬೇಕಂತೆ.

“ಎದೆ ಮೇಲೆ ಅಷ್ಟು ಜಾಗ ಇಲ್ಲ ಸಾರ್,” ಎಂದಳು ಅಂಗಡಿಯ ಕಸೂತಿಗಾರ್ತಿ ಭಾಗೀರಥಿ.

“ಹೊಲಿಯೋದು ಮೆಷಿನ್ನು. ಗುಂಡಿ ಒತ್ತೋಳಿಗೆ ಯಾಕಮ್ಮ ಅಧಿಕಪ್ರಸಂಗ? ಹೇಳಿದಷ್ಟು ಮಾಡು!”

ಅವಳ ಮೈ ಉರಿಯಿತು. ಒಂದೊಂದು ಒತ್ತಕ್ಷರಕ್ಕೂ ಸೂಜಿ ಎಲ್ಲಿ ಇಳಿಯಬೇಕೆಂದು ಕಂಪ್ಯೂಟರಿನಲ್ಲಿ ಕಣ್ಣು ನೋಯುವಷ್ಟು ಗುರುತು ಹಾಕುವವಳು ಅವಳು. ಇದು ಗುಂಡಿ ಒತ್ತೋದಾ? ಸರಿ, ಹೇಳಿದಷ್ಟೇ ಮಾಡಿದಳು.

ಜುಬ್ಬ ತೊಟ್ಟು ಕನ್ನಡಿ ನೋಡಿದ ಅಧ್ಯಕ್ಷರು ಗುಡುಗಿದರು: “ಬಿರುದೆಲ್ಲ ಕಂಕುಳಿಗೆ ನುಗ್ಗಿವೆ! ನನ್ನ ಹೆಸರೆಲ್ಲಿ?”

“ಬೆನ್ನ ಮೇಲಿದೆ ಸಾರ್. ನೀವು ಎದ್ದು ಹೋಗುವಾಗ ಜನ ಸಂತೋಷವಾಗಿ ಓದ್ಕೋತಾರೆ.”