ಆಮೆ ಮನೆಯ ಕಂದಾಯ

ಕೆರೆಯಂಗಳದಲ್ಲಿ ಮೇಯುತ್ತಿದ್ದ ಆಮೆಯ ಮುಂದೆ ಪಟ್ಟಣದ ಕಂದಾಯ ಅಧಿಕಾರಿ ಗೋಸುಂಬೆ ಸಾಹೇಬರು ಬಂದು ನಿಂತರು.

"ಏನಯ್ಯಾ ಆಮೆ, ನಿನ್ನ ಬೆನ್ನ ಮೇಲಿನ ಮನೆ ನಿನ್ನೆಯಿಂದ ಪಟ್ಟಣಕ್ಕೆ ಸೇರಿದೆ. ಕಂದಾಯ ಕಟ್ಟು."

"ಇದು ಹಸಿರು ವಲಯ ಅಲ್ಲವೇ ಸ್ವಾಮಿ?"

ಹಸಿರಾಗಿದ್ದ ಸಾಹೇಬರು ಕಣ್ಣೆದುರೇ ಹಳದಿಯಾದರು. "ಈಗ ವಸತಿ ವಲಯ."

"ಬೀದಿದೀಪ, ಚರಂಡಿ ಏನೂ ಇಲ್ಲವಲ್ಲ?"

"ಮೊದಲು ಕಂದಾಯ, ದೀಪ ಆಮೇಲೆ."

ಇವರ ಸಹವಾಸವೇ ಬೇಡವೆಂದು ಆಮೆ ಮನೆ ಸಮೇತ ಪಟ್ಟಣದ ಗಡಿಕಲ್ಲು ದಾಟಿ ಹೊರಟಿತು. ದಿನವಿಡೀ ತೆವಳಿ, ಬದುಕಿದೆಯಾ ಬಡಜೀವವೇ ಎಂದು ತಲೆಯೆತ್ತಿದರೆ ಎದುರಿಗೇ ಅದೇ ಗಡಿಕಲ್ಲು, ಅದರ ಮೇಲೆ ಅದೇ ಸಾಹೇಬರು!

"ಕಾಲಿಲ್ಲದ ಕಲ್ಲು ನನಗಿಂತ ಮುಂಚೆ ಹೇಗೆ ಬಂತು ಸ್ವಾಮಿ?"

"ಅದಕ್ಕೇನು ನಿನ್ನ ಹಾಗೆ ಬೆನ್ನ ಮೇಲೆ ಮನೆ ಇದೆಯೇ? ಕಟ್ಟು ಕಂದಾಯ."