ಒಂದರ ಹೆಸರು ಹೇಳು

ತುಂಗಭದ್ರೆಯ ದಡದಲ್ಲಿ ದೇವದಾನಯ್ಯನವರ ಚಿಕ್ಕ ಆಶ್ರಮ. ಒಂದು ಪ್ರಾರ್ಥನೆಯ ಮನೆ, ಪಕ್ಕದಲ್ಲಿ ಎರಡು ಕೋಣೆ. ಹನೋಕ ಮೂರು ವರ್ಷದಿಂದ ಅಲ್ಲಿ ಅವರ ಶಿಷ್ಯನಾಗಿದ್ದ. ಇನ್ನೆರಡು ತಿಂಗಳಲ್ಲಿ ಅವನು ಊರಿನ ಕ್ರೈಸ್ತ ಸಭೆಯ ಪಾಲಕನಾಗುವವನಿದ್ದ.

ಒಂದು ಭಾನುವಾರ ಆ ಸಭೆಯಲ್ಲಿ ಅವನು ಮೊದಲ ಸಲ ಬೋಧಿಸಿದ. ಕೊನೆಯಲ್ಲಿ "ನನ್ನಂಥ ಪಾಪಿ ಈ ಸಭೆಯಲ್ಲಿ ಇನ್ನೊಬ್ಬನಿಲ್ಲ" ಎಂದು ಅತ್ತ. ಜನರೂ ಅತ್ತರು.

ಆರಾಧನೆ ಮುಗಿದ ಮೇಲೆ ಹಿರಿಯರು ಅವನ ಕೈ ಹಿಡಿದುಕೊಂಡರು. "ಎಷ್ಟು ದೀನ ಮನಸ್ಸಪ್ಪ ನಿಂದು!" ಎಂದರು.

ಆಶ್ರಮಕ್ಕೆ ಬಂದವನೇ ಎಲ್ಲವನ್ನೂ ಗುರುವಿಗೆ ಹೇಳಿದ.

"ನೀನು ಪಾಪಿ ಅಂದೆ, ಅವರು ಕೈ ಕುಲುಕಿದರು," ಎಂದರು ದೇವದಾನಯ್ಯ. "ಯಾವ ಪಾಪ, ಹನೋಕ?"

"ಎಲ್ಲ ಪಾಪವೂ, ಅಯ್ಯನವರೇ."

"ಎಲ್ಲ ಬೇಡ. ಒಂದರ ಹೆಸರು ಹೇಳು."

ಹನೋಕ ಕೈಯಲ್ಲಿದ್ದ ಬೈಬಲಿನ ಅಂಚು ಸವರಿದ.

"ನದಿಯ ಹತ್ತಿರ ಹೋಗಿ ಕೂತ್ಕೋ. ಸಿಕ್ಕಿದ ಮೇಲೆ ಬಾ."

ಸಂಜೆಯವರೆಗೆ ಅವನು ದಡದಲ್ಲಿ ಕೂತಿದ್ದ. ಹೆಸರು ಹುಡುಕಬೇಕಾಗಿಯೇ ಇರಲಿಲ್ಲ. ಕೂತ ಕೂಡಲೇ ಅದು ಬಂದಿತ್ತು. ಅದನ್ನು ಬಿಟ್ಟು ಬೇರೆ ಯಾವುದಾದರೂ ಸಿಗುತ್ತದೆಯೇ ಎಂದು ಅಷ್ಟು ಹೊತ್ತು ಹುಡುಕಿದ.

"ಎಸ್ತೇರಮ್ಮ," ಎಂದ, ಗುರುವಿನ ಬಳಿ ಬಂದು.

ಎಸ್ತೇರಮ್ಮ ಸಭೆಯ ವಿಧವೆ. ಅವಳ ಮಗ ಜಗಳದಲ್ಲಿ ಒಬ್ಬನ ತಲೆ ಒಡೆದು ಜೈಲು ಸೇರಿದ್ದ. ಬೇರೆ ಊರಲ್ಲಿ ನಡೆದದ್ದು, ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಹನೋಕನೊಬ್ಬನಿಗೆ ಹೇಳಿ, ಪ್ರಾರ್ಥನೆ ಮಾಡಿ ಎಂದು ಬೇಡಿಕೊಂಡಿದ್ದಳು.

"ಒಂದು ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಅಂದುಬಿಟ್ಟೆ. ಹೆಸರು ಹೇಳಲಿಲ್ಲ, ಅಯ್ಯನವರೇ. ನಮ್ಮ ಸಭೆಯ ಒಬ್ಬ ವಿಧವೆಯ ಮಗ ಜೈಲಲ್ಲಿದ್ದಾನೆ, ಅವನಿಗಾಗಿ ಪ್ರಾರ್ಥಿಸೋಣ ಅಂದೆ, ಅಷ್ಟೇ."

"ಸಭೆಯಲ್ಲಿ ಮಗ ಇರೋ ವಿಧವೆಯರು ಎಷ್ಟು ಜನ?"

ಹನೋಕ ತಲೆ ತಗ್ಗಿಸಿದ. "ಅವಳೊಬ್ಬಳೇ."

"ಈಗ ಎಲ್ಲಿ ಅವಳು?"

"ಅವತ್ತಿನಿಂದ ಸಭೆಗೆ ಬರುತ್ತಿಲ್ಲ, ಮೂರು ತಿಂಗಳಾಯಿತು."

"ಪ್ರಾರ್ಥನೆಗಾಗಿಯೇ ಹೇಳಿದೆಯಾ?"

ಹನೋಕ ತಲೆ ಎತ್ತದೆ ಹೇಳಿದ: "ಇಲ್ಲ. ಜನ ನನ್ನ ಹತ್ತಿರ ಗುಟ್ಟು ಹೇಳಿಕೊಳ್ಳುತ್ತಾರೆ ಅಂತ ಎಲ್ಲರಿಗೂ ತಿಳಿಯಲಿ ಅಂತ."

ಗುರು ಬಾಗಿಲ ಪಕ್ಕದಲ್ಲಿದ್ದ ಅವನ ಚಪ್ಪಲಿ ಎತ್ತಿ ತಂದು ಕಾಲ ಬಳಿ ಇಟ್ಟರು.

ಎಸ್ತೇರಮ್ಮ ಮನೆಯ ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದಳು. ಹನೋಕ ನಿಂತೇ ಎಲ್ಲ ಹೇಳಿದ. ಯಾಕೆ ಹಾಗೆ ಮಾಡಿದೆ ಎಂಬುದನ್ನೂ ಹೇಳಿದ. ಕ್ಷಮಿಸಿ ಎಂದ.

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅವತ್ತು ಅಷ್ಟು ಜನರ ಮುಂದೆ ಆಡಿದ್ರಿ," ಎಂದಳು. "ಇವತ್ತು ನನ್ನೊಬ್ಬಳ ಮುಂದೆ ಬಂದು ತಪ್ಪಾಯ್ತು ಅಂತೀರಿ."

ಹನೋಕ ಗುರುವಿನ ಬಳಿ ಮರಳಿದ. "ಎಲ್ಲರ ಮುಂದೆ ಹೇಳಬೇಕಂತೆ. ಹೇಳಿದರೆ ಅವಳ ಮಗನ ವಿಷಯ ಮತ್ತೆ ಜನರ ಬಾಯಿಗೆ ಬೀಳುತ್ತದಲ್ಲ?"

"ಅವಳದ್ದನ್ನು ಅವಳಿಗೆ ಬಿಡು. ನಿನ್ನದನ್ನು ಹೇಳು."

ಮುಂದಿನ ಭಾನುವಾರ ಹನೋಕ ಸಭೆಯಲ್ಲಿ ಎದ್ದು ನಿಂತ. ಈ ಸಲ ಅಳು ಬರಲಿಲ್ಲ.

"ನನ್ನನ್ನು ನಂಬಿ ಹೇಳಿದ ಮಾತನ್ನು ನಿಮ್ಮೆಲ್ಲರ ಮುಂದೆ ಆಡಿದೆ. ಪ್ರಾರ್ಥನೆಯ ಹೆಸರಿನಲ್ಲಿ ಆಡಿದೆ. ನೀವು ನನ್ನನ್ನು ದೊಡ್ಡವನು ಅನ್ನಬೇಕು ಅಂತ ಆಡಿದೆ."

ಯಾರೂ ಅಳಲಿಲ್ಲ, ಯಾರೂ ಕೈ ಹಿಡಿಯಲಿಲ್ಲ. ಹೊರಗೆ ಒಬ್ಬ ಹಿರಿಯರು ಇನ್ನೊಬ್ಬರಿಗೆ ಹೇಳುತ್ತಿದ್ದದ್ದು ಅವನ ಕಿವಿಗೆ ಬಿತ್ತು: "ಇಂಥವನನ್ನು ಪಾಲಕನನ್ನಾಗಿ ಮಾಡೋದು ಹೇಗೆ? ಒಂದು ವರ್ಷ ತಡೆಯೋಣ."

ಪಾಲಕನಾಗುವ ದೀಕ್ಷೆ ಮುಂದಕ್ಕೆ ಹೋಯಿತು.

ಎಸ್ತೇರಮ್ಮ ಅಂದು ಬಂದಿರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಮೂರನೆಯ ವಾರ ಅವಳು ಆಶ್ರಮದ ಬಾಗಿಲಿಗೇ ಬಂದಳು. ಒಳಗೆ ಕಾಲಿಡಲಿಲ್ಲ.

"ಮಂಗಳವಾರ ಮಗನನ್ನು ನೋಡೋಕೆ ಹೋಗ್ತೀನಿ," ಎಂದಳು ಹನೋಕನಿಗೆ. "ಒಬ್ಬಳೇ ಹೋಗೋಕೆ ಭಯ. ಬರ್ತೀರಾ?"

"ಬರ್ತೀನಮ್ಮ."

"ಕ್ಷಮಿಸಿದ್ದೀನಿ ಅಂತಲ್ಲ."

"ಗೊತ್ತಮ್ಮ."

ಮಂಗಳವಾರ ಎರಡು ಬಸ್ಸು ಬದಲಾಯಿಸಿ ಹೋದರು. ಜೈಲಿನಲ್ಲಿ ಮಗ ಮೊದಲು ತಾಯಿಯ ಹತ್ತಿರ ಮಾತಾಡಿದ. ಆಮೇಲೆ ಹನೋಕನನ್ನು ಕಂಬಿಯ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಬಹಳ ಹೊತ್ತು ಏನೋ ಹೇಳಿದ. ತಾಯಿ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಏನು ಹೇಳಿದ ಎಂದು ಅವಳು ಕೇಳಲಿಲ್ಲ.

ಹನೋಕ ಆಶ್ರಮ ತಲುಪಿದಾಗ ದೇವದಾನಯ್ಯ ಜಗುಲಿಯ ಮೇಲಿದ್ದರು.

"ಆ ಹುಡುಗ ಮಾತಾಡಿದನಾ?"

"ಮಾತಾಡಿದ, ಅಯ್ಯನವರೇ."

"ಏನಂದ?"

ಹನೋಕ ಗುರುವಿನ ಮುಖ ನೋಡಿದ. ಮೂರು ವರ್ಷದಲ್ಲಿ ಅವರು ಕೇಳಿದ ಯಾವ ಪ್ರಶ್ನೆಗೂ ಅವನು ಉತ್ತರ ಕೊಡದೆ ಇದ್ದದ್ದಿಲ್ಲ.

"ಅದು ಅವನು ನನಗೆ ಹೇಳಿದ್ದು, ಅಯ್ಯನವರೇ," ಎಂದ.

ದೇವದಾನಯ್ಯ ಜಗುಲಿಯ ಮೇಲೆ ಸರಿದು ಅವನಿಗೆ ಜಾಗ ಮಾಡಿಕೊಟ್ಟರು.

"ಬಾ, ಕೂತ್ಕೋ. ಮೂವತ್ತು ವರ್ಷದಿಂದ ಯಾರಿಗೂ ಹೇಳದ ಒಂದು ಮಾತು ನನ್ನಲ್ಲೂ ಇದೆ."