ಅಡಿವೆಪ್ಪ ಹಳೇ ಕಾರು ತಂದದ್ದು

ಹೂಂ ಅನ್ನುವವರಿದ್ದರೆ ಹೇಳುತ್ತೇನೆ, ನಿದ್ದೆ ಬಂದವರು ಈಗಲೇ ಎದ್ದು ಹೋಗಿ. ಹುಣಸಿಕಟ್ಟಿಯಲ್ಲಿ ಸಾವಂತ್ರವ್ವ ಅಂತ ಒಬ್ಬ ತಾಯಿ, ಅವಳಿಗೆ ಅಡಿವೆಪ್ಪ ಅಂತ ಒಬ್ಬನೇ ಮಗ. ತಾಯಿ ಜೋಳದ ರೊಟ್ಟಿ ಬಡಿಯುವುದರಲ್ಲಿ ಎತ್ತಿದ ಕೈ. ಮಗ ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದರಲ್ಲಿ ಎತ್ತಿದ ಕೈ. "ಹಾಲು ಉಕ್ಕತೈತಿ, ನೋಡ್ಕೋತ ಕುಂದರು" ಅಂದರೆ, ಉಕ್ಕಿ ಉಕ್ಕಿ ಒಲೆ ಆರುವ ತನಕ ನೋಡುತ್ತಾ ಕೂತಿದ್ದು, "ಪೂರಾ ನೋಡಿದೆ ಯವ್ವ, ಚಂದ ಉಕ್ಕಿತು" ಅನ್ನುವ ಪೈಕಿ.

ಇಂಥವನಿಗೆ ಕಾರು ಓಡಿಸುವ ಲೈಸೆನ್ಸು ಯಾರು ಕೊಟ್ಟರು ಅಂತ ಕೇಳಬೇಡಿ. ಪರೀಕ್ಷೆ ಮಾಡುವ ಸಾಹೇಬರು ಎಡಕ್ಕೆ ಅಂದರು, ಎಡಕ್ಕೆ ತಿರುಗಿಸಿದ. ನಿಲ್ಲಿಸು ಅಂದರು, ನಿಲ್ಲಿಸಿದ. ಹೇಳಿದಂತೆ ಮಾಡುವವನಿಗೆ ಸಿಗದೆ ಇನ್ಯಾರಿಗೆ ಸಿಗಬೇಕು?

ಈಗ ಅವನಿಗೊಂದು ಕಾರು ಬೇಕಾಗಿತ್ತು, ಅದೂ ತುರ್ತಾಗಿ. ಪೇಟೆಯಲ್ಲಿ ಖಾನಾವಳಿ ನಡೆಸುವ ಗುರಸಿದ್ದವ್ವ ಸಾವಂತ್ರವ್ವನಿಗೆ ಹೇಳಿ ಕಳಿಸಿದ್ದಳು: "ಸೋಮವಾರದಿಂದ ದಿನಾ ಮುಂಜಾನೆ ಎಂಟಕ್ಕ ಮೂರು ಬುಟ್ಟಿ ಖಡಕ್ ರೊಟ್ಟಿ ಬೇಕು. ತಡಾ ಆಗಬಾರದು, ರೊಟ್ಟಿ ಮುರೀಬಾರದು. ಆದ್ರ ಹೂಂ ಅನ್ನು, ಇಲ್ಲಂದ್ರ ಬ್ಯಾರೇದವ್ರಿಗೆ ಹೇಳತೇನಿ." ಬಸ್ಸಿನ ಗದ್ದಲದಲ್ಲಿ ಖಡಕ್ ರೊಟ್ಟಿ ಪುಡಿಪುಡಿ ಆಗುತ್ತದೆ. ಮನೆಯಲ್ಲಿ ಒಂದು ಜೋಡಿ ಎತ್ತಿದ್ದವು ನಿಜ, ಆದರೆ ಚಕ್ಕಡಿ ಗೆದ್ದಲು ಹಿಡಿದು ಯಾವತ್ತೋ ಒಲೆ ಸೇರಿತ್ತು. ಈ ಕೆಲಸ ಕೈತಪ್ಪಿದರೆ ಇನ್ನೊಂದು ಸಿಗುವುದು ಕನಸಿನ ಮಾತು. ಸಾವಂತ್ರವ್ವ ಹೂಂ ಅಂದಳು. ಟ್ರಂಕಿನ ತಳದಲ್ಲಿ ಕೂಡಿಟ್ಟಿದ್ದ ರೊಕ್ಕದ ಗಂಟು ಬಿಚ್ಚಿ ಮಗನ ಕೈಗಿಟ್ಟಳು.

"ಸಣ್ಣ ಗಾಡಿ ನೋಡು, ಹಳೇದ ನೋಡು. ಹೊಸ ಕೈಗೆ ಹಳೇ ಗಾಡಿನ ಚೊಲೊ, ಗೀಚಿದ್ರೂ ಎದಿ ಒಡಿಯೂದಿಲ್ಲ. ಆದ್ರ ದಾರ್ಯಾಗ ನಿಂದರಬಾರದು. ಗಾಡಿ ನೋಡಿ ಮರುಳ ಆಗಬ್ಯಾಡ, ಬಣ್ಣ ಯಾರ ಬೇಕಾದ್ರೂ ಹಚ್ಚತಾರ. ಗಾಡಿ ಓಡಿಸಿದವನ್ನ ನೋಡು. ಅವ ನೆಟ್ಟಗಿದ್ರ ಗಾಡೀನೂ ನೆಟ್ಟಗಿರತೈತಿ."

ಗುರುವಾರ ಅಡಿವೆಪ್ಪ ಪಕ್ಕದೂರಿನ ರುದ್ರಗೌಡ ಮಾಸ್ತರ ಮನೆಗೆ ಹೋದ. ಅಂಗಳದಲ್ಲಿ ಮಾರಾಟಕ್ಕಿದ್ದ ಕಾರು ನಿಂತಿತ್ತು. ಅದಕ್ಕೆ ಬೆನ್ನು ಕೊಟ್ಟು ಮಾಸ್ತರರ ಎದುರಿಗೆ ಕೂತ. ನೋಡಿದ. ಚಹಾ ಕೊಟ್ಟರು, ಕುಡಿಯುತ್ತಾ ನೋಡಿದ. ಅವಲಕ್ಕಿ ಕೊಟ್ಟರು, ತಿನ್ನುತ್ತಾ ನೋಡಿದ. ಹುಡುಗ ಬಂದು ಇಷ್ಟು ಹೊತ್ತು ಮಾತಿಲ್ಲದೆ ಕೂತದ್ದು ಕಂಡು ಒಳಗಿದ್ದ ಮಾಸ್ತರರ ಹೆಂಡತಿಗೆ ಏನೋ ಹೊಳೆಯಿತು. ಮಗಳಿಗೆ ರೇಷ್ಮೆ ಸೀರೆ ಉಡಿಸಿ, ಕೈಯಲ್ಲಿ ಉಪ್ಪಿಟ್ಟಿನ ತಾಟು ಕೊಟ್ಟು ಕಳಿಸಿದಳು.

"ಹುಡುಗಿ ಬಿ.ಎ. ಮಾಡ್ಯಾಳ. ಸಂಕೋಚ ಬ್ಯಾಡ, ನೋಡಪ್ಪ" ಅಂದರು ಮಾಸ್ತರರು.

"ಬ್ಯಾಡ್ರಿ, ನಾ ನಿಮ್ಮನ್ನ ನೋಡಾಕ ಬಂದೇನ್ರಿ" ಅಂದ ಅಡಿವೆಪ್ಪ.

ಮಾಸ್ತರರು ಕೋಲು ಹುಡುಕಿದರು. ಅಡಿವೆಪ್ಪ ಓಡಿ ಮನೆ ಸೇರಿದ.

"ಗಾಡಿ ನೋಡ್ಲೇ ಇಲ್ಲೇನೋ?" ಅಂದಳು ತಾಯಿ.

"ನೀನ ಗಾಡಿ ನೋಡಬ್ಯಾಡ ಅಂದಿ. ಮಾಸ್ತರು ನೆಟ್ಟಗದಾರ ಯವ್ವ, ಎಡಗಾಲು ಒಂದೀಟು ಸೊಟ್ಟ."

"ನನ್ನ ಹಣೇಬರಾ. ಗಾಡಿ ಓಡಿಸಿ ನೋಡಬೇಕಪ್ಪ. ಒಂದು ಸುತ್ತು ಹೊಡಿ, ಕಣ್ಣು ಮುಚ್ಚಿ ಇಂಜಿನ್ ಸಪ್ಪಳ ಕೇಳು. ಕೆಮ್ಮತೈತೇನು, ನರಳತೈತೇನು, ಎಲ್ಲಾ ಕಿವಿಗೆ ತಿಳೀತೈತಿ."

ಹೂಂ ಅಂದ. ಶುಕ್ರವಾರ ಕಾಳಿನ ವ್ಯಾಪಾರಿ ಸಾಬಣ್ಣನ ಕಾರು. ಸಾಬಣ್ಣ ಕೀಲಿ ಕೊಟ್ಟ. ಅಡಿವೆಪ್ಪ ಕೂತ, ಚಾಲೂ ಮಾಡಿದ, ಗೇರು ಹಾಕಿದ, ಕಣ್ಣು ಮುಚ್ಚಿದ. ಕಾರು ಕಣದ ಸುತ್ತ ಅರ್ಧ ಸುತ್ತು ಹೊಡೆದು, ಉಳಿದರ್ಧ ಹೊಡೆಯದೆ ಸೀದಾ ಮೇವಿನ ಬಣವೆಯೊಳಕ್ಕೆ ಹೊಕ್ಕಿತು. ಹೊರಗೆ ಹಿಂದಿನ ನಂಬರ್ ಪ್ಲೇಟು ಮಾತ್ರ ಕಾಣುತ್ತಿತ್ತು. ಸಾಬಣ್ಣ ಲಬೋ ಲಬೋ ಅಂತ ಬಾಯಿ ಬಡಿದುಕೊಂಡು ಓಡಿ ಬಂದ. ಬಣವೆಯ ಹೊಟ್ಟೆಯೊಳಗಿಂದ ದನಿ ಬಂತು: "ಸಪ್ಪಳ ಚೊಲೊ ಐತ್ರಿ. ಕೆಮ್ಮಂಗಿಲ್ಲ, ನರಳಂಗಿಲ್ಲ."

ನರಳುತ್ತಿದ್ದವನು ಸಾಬಣ್ಣ. ಗಾಡಿಗೆ ಏನೂ ಆಗಿರಲಿಲ್ಲ, ಆದರೆ ಅವನು ಮಾರಲು ಒಪ್ಪಲಿಲ್ಲ.

ಸಾವಂತ್ರವ್ವ ಮಗನ ತಲೆಯಿಂದ ಕಣಿಕೆಯ ಚೂರು ಹೆಕ್ಕುತ್ತಾ ಬೈದಳು, ಬೈಯುತ್ತಾ ಹೆಕ್ಕಿದಳು. "ಓಡಿಸುವಾಗ ಯಾರರ ಕಣ್ಣು ಮುಚ್ಚತಾರೇನೋ? ನಿನಗ ತಿಳಿಯಂಗಿಲ್ಲ ಅಂದಮ್ಯಾಲ ತಿಳಿದವ್ರನ್ನ ಕರ್ಕೊಂಡು ಹೋಗಬೇಕಿತ್ತು. ನಾಳೆ ದಾವಲಸಾಬ ಮಿಸ್ತ್ರೀನ ಕರ್ಕೊಂಡು ಹೋಗು. ಅವ ಏನಂತಾನ, ಹಂಗ ಮಾಡು."

ಶನಿವಾರ ಮಿಸ್ತ್ರಿಯೊಡನೆ ದರ್ಜಿ ತಮ್ಮಣ್ಣನ ಮನೆಗೆ ಹೋದ. ದಾವಲಸಾಬ ಕೆಲಸ ಬಲ್ಲವನು. ಆಯಿಲ್ ಕಡ್ಡಿ ಎಳೆದು ನೋಡಿದ, ಕಾರಿನಡಿ ಮಲಗಿ ತುಕ್ಕು ನೋಡಿದ, ತಗ್ಗು ಮುಚ್ಚಲು ಬಣ್ಣದ ಕೆಳಗೆ ಲಪ್ಪ ಮೆತ್ತಿದ್ದಾರೇನೋ ಅಂತ ಅಯಸ್ಕಾಂತ ಹಚ್ಚಿ ನೋಡಿದ. ಆಮೇಲೆ ಅಡಿವೆಪ್ಪನ ಕಿವಿಯಲ್ಲಿ ಅಂದ: "ಬಂಗಾರದಂಥಾ ಗಾಡಿ. ಬ್ಯಾರೇದವ್ರು ಒಯ್ಯೂದರಾಗ ನೀ ಒಯ್ದಬಿಡು."

ಅಡಿವೆಪ್ಪ ಒಯ್ದುಬಿಟ್ಟ. ರೊಕ್ಕದ ಗಂಟು ಸೊಂಟದಲ್ಲಿ, ಮಿಸ್ತ್ರಿ ಅಂಗಳದಲ್ಲಿ, ಕಾರು ರಸ್ತೆಯಲ್ಲಿ. ಕೊರಳಲ್ಲಿ ಟೇಪು ಹಾಕಿಕೊಂಡಿದ್ದ ತಮ್ಮಣ್ಣ "ಕಳ್ಳ, ಕಳ್ಳ" ಅಂತ ಸೈಕಲ್ಲು ಹತ್ತಿದ. ನಾಕಾದಲ್ಲಿ ಹವಾಲ್ದಾರ ತಡೆದು ಕೇಳಿದ: "ಗಾಡಿ ಯಾರದು? ಕಾಗದ ಎಲ್ಲಿ?"

"ಕಾಗದದ್ದು ಮಿಸ್ತ್ರಿ ಏನೂ ಅಂದಿಲ್ರಿ."

ಸಾವಂತ್ರವ್ವ ಠಾಣೆಗೆ ಹೋಗಿ ಕೈ ಮುಗಿದು, ತಮ್ಮಣ್ಣನ ಕೈಕಾಲು ಹಿಡಿದು, ಮಗನನ್ನು ಬಿಡಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಅವಳಿಗೆ ಅಳು. ಉಳಿದದ್ದು ಒಂದೇ ದಿನ.

"ಮೊದಲ ರೊಕ್ಕ ಕೊಡಬೇಕು. ಕೊಟ್ಟದ್ದಕ್ಕ ಚೀಟಿ ಬರಸ್ಕೋಬೇಕು. ಕಾಗದ ನಿನ್ನ ಹೆಸರಿಗೆ ಆಗೂತನಕ ಇಂಜಿನ್ ಚಾಲೂ ಮಾಡಬಾರದು. ತಿಳೀತಿಲ್ಲ? ನನ್ನ ತಲಿ ಮುಟ್ಟಿ ಆಣಿ ಮಾಡು."

ಅಡಿವೆಪ್ಪ ತಲೆ ಮುಟ್ಟಿ ಆಣೆ ಮಾಡಿದ.

ಭಾನುವಾರ ಮೂರು ಮೈಲಿ ದೂರದ ನರ್ಸಬಾಯಿ ಸುಗಂಧಾ ಅವರ ಕಾರು. ಹದಿನಾಲ್ಕು ವರ್ಷದ್ದು, ಸಣ್ಣದು, ಬಿಳಿದು. ದವಾಖಾನೆ, ಮನೆ ಬಿಟ್ಟು ಬೇರೆ ದಾರಿ ಕಂಡದ್ದಲ್ಲ. ಆವತ್ತು ಅಡಿವೆಪ್ಪ ಏನೂ ತಪ್ಪು ಮಾಡಲಿಲ್ಲ, ನಂಬಿ. ಬಾಯಿಯವರನ್ನು ನೋಡಿದ, ಕಾರನ್ನೂ ನೋಡಿದ. ಮಿಸ್ತ್ರಿ ಹೂಂ ಅಂದ. ರೊಕ್ಕ ಕೊಟ್ಟ, ಚೀಟಿ ಬರೆಸಿಕೊಂಡ, ಅರ್ಜಿಗೆ ಸಹಿ ಹಾಕಿದ.

"ಹೊಸ ಕಾಗದ ಹದಿನೈದು ದಿನಕ್ಕ ಟಪಾಲಿನ್ಯಾಗ ಬರತೈತಿ. ನೀ ಗಾಡಿ ತಗೊಂಡು ಹೋಗಪ್ಪ" ಅಂದರು ಬಾಯಿ.

ಸಂಜೆ. ಸಾವಂತ್ರವ್ವ ಕೊನೆಯ ರೊಟ್ಟಿ ಬಡಿದು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಓಣಿಯ ತುದಿಯಲ್ಲಿ ಬಿಳಿ ಕಾರು ಕಂಡಿತು. ಅವಳ ಕಣ್ಣು ತುಂಬಿ ಬಂತು. ಆಮೇಲೆ ಕಾರಿನ ಮುಂದೆ ಎರಡು ಕೋಡು ಕಂಡವು. ಇನ್ನೆರಡು ಕೋಡು ಕಂಡವು. ತಮ್ಮ ಮನೆಯ ಎತ್ತೇ. ಹೆಗಲ ಮೇಲೆ ನೊಗ, ನೊಗದಿಂದ ಬಂಪರಿಗೆ ಹಗ್ಗ. ಕಿಟಕಿಯಿಂದ ಹೊರಗೆ ಬಾರುಕೋಲು ಹಿಡಿದ ಮಗನ ಕೈ.

"ಇಂಜಿನ್ ಚಾಲೂ ಮಾಡಿಲ್ಲ ಯವ್ವ" ಅಂದ ಅಡಿವೆಪ್ಪ. "ನಡಕೋತ ಬಂದು ಹಿತ್ತಲದಾಗಿನ ಎತ್ತು ಒಯ್ದೆ."

ಅವಳು ಬೈದಳು, ಬೇಡಿಕೊಂಡಳು. ಅವನದು ಒಂದೇ ಮಾತು: ತಾಯಿ ತಲೆ ಮುಟ್ಟಿದ ಆಣೆ, ಮುರಿದರೆ ತಾಯಿಗೇ ಕೇಡು. ಬೇರೆ ದಾರಿ ಇರಲಿಲ್ಲ. ಸೋಮವಾರ ಕೋಳಿ ಕೂಗಿದ್ದೇ ತಡ, ಮೂರು ಬುಟ್ಟಿ ಹೇರಿ ತಾಯಿ ಹಿಂದಿನ ಸೀಟಿನಲ್ಲಿ ಕೂತಳು. ಎತ್ತುಗಳು ಎತ್ತಿನ ಹಾಗೇ ನಡೆದವು. ಪೇಟೆಯೆಲ್ಲ ನಕ್ಕಿತು. ಗುರಸಿದ್ದವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಗಡಿಯಾರ ನೋಡಿದಳು, ಬುಟ್ಟಿ ನೋಡಿದಳು. ಎಂಟಕ್ಕೆ ಐದು ನಿಮಿಷ. ಒಂದು ರೊಟ್ಟಿಯೂ ಮುರಿದಿರಲಿಲ್ಲ. "ದಿನಾ ಹಿಂಗ ತಾ" ಅಂದಳು.

ಹದಿನೈದು ದಿನ ಹೀಗೇ ನಡೆಯಿತು. ಹದಿನಾರನೆಯ ದಿನ ಟಪಾಲಿನಲ್ಲಿ ಕಾಗದ ಬಂತು, ಅಡಿವೆಪ್ಪನ ಹೆಸರಿಗೆ. ಮರುದಿನ ಮುಂಜಾನೆ ಸಾವಂತ್ರವ್ವ ಹಿಂದಿನ ಸೀಟಿನಲ್ಲಿ ಕೂತು ನಿರಾಳವಾಗಿ ಅಂದಳು: "ಇನ್ನ ಇಂಜಿನ್ ಚಾಲೂ ಮಾಡಪ್ಪ."

ಮಾಡಿದ. ಎತ್ತು ಬಿಚ್ಚು ಅಂತ ಅವಳು ಅಂದಿರಲಿಲ್ಲ. ಗೇರು ಹಾಕು ಅಂತಲೂ ಅಂದಿರಲಿಲ್ಲ. ಬಾಲದ ಹತ್ತಿರ ಇಂಜಿನ್ನು ಗುರ್ ಅಂದದ್ದೇ ಎತ್ತುಗಳು ಹೌಹಾರಿ ಓಟ ಕಿತ್ತವು. ಹುಣಸಿಕಟ್ಟಿಯಿಂದ ಪೇಟೆಯವರೆಗೆ ಒಂದೇ ಓಟ. ಸಾವಂತ್ರವ್ವ ಮೂರು ಬುಟ್ಟಿಗಳನ್ನೂ ಅವುಚಿಕೊಂಡು ಮನೆದೇವರನ್ನೆಲ್ಲ ಕರೆದಳು. ರೂಢಿ ಬಿದ್ದಿದ್ದ ಎತ್ತುಗಳು ಖಾನಾವಳಿಯ ಬಾಗಿಲಲ್ಲಿ ತಾವಾಗಿಯೇ ನಿಂತವು. ಆಗಿನ್ನೂ ಏಳಾಗಿರಲಿಲ್ಲ. ಅಂಚು ಮುರಿದ ರೊಟ್ಟಿ ಎರಡೇ ಎರಡು.

ಅವಳು ಸೀರೆ ಸರಿ ಮಾಡಿಕೊಂಡು ಇಳಿದಳು. ಬೈಯಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಈಗ ಒಂದು ಬುದ್ಧಿಮಾತು ಹೇಳಿದರೆ ನಾಳೆ ಅದರಿಂದ ಏನಾದೀತು ಅಂತ ನೆನೆದಳು. ಇನ್ನು ಇವನಿಗೆ ಏನೂ ಹೇಳಬಾರದು ಅಂದುಕೊಂಡು, ಬಾಯಿ ಮುಚ್ಚಿ, ಬುಟ್ಟಿ ಹೊತ್ತು ಒಳಗೆ ಹೋದಳು. ರೊಟ್ಟಿ ಎಣಿಸಿ ಕೊಟ್ಟು, ಗುರಸಿದ್ದವ್ವನ ಜೊತೆ ನಾಲ್ಕು ಮಾತಾಡಿ, ಉಂಡು, ಎಲೆ ಅಡಿಕೆ ಹಾಕಿಕೊಂಡು ಮಧ್ಯಾಹ್ನ ಹೊರಗೆ ಬಂದಳು. ಅಡಿವೆಪ್ಪ ಸೀಟಿನ ಬೆಲ್ಟು ಕಟ್ಟಿಕೊಂಡು ಕೂತಲ್ಲೇ ಕೂತಿದ್ದ. ಇಂಜಿನ್ನು ಗುರ್ ಅನ್ನುತ್ತಲೇ ಇತ್ತು.

"ಬಂದ್ ಮಾಡು ಅಂತ ನೀ ಏನೂ ಅನ್ನಲಿಲ್ಲಲ್ಲ ಯವ್ವ" ಅಂದ.

ಸಾವಂತ್ರವ್ವ ಆಗಲೂ ಬಾಯಿ ಬಿಡಲಿಲ್ಲ, ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವರು ಅಲ್ಲೇ ಇದ್ದಾರೆ, ನಾವು ಇಲ್ಲಿದ್ದೇವೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ, ಪೆಟ್ರೋಲು ತೀರುವ ಮೊದಲು ಅವನಿಗೊಂದು ಮಾತು ಹೇಳಿ. ಹೇಳುವ ಮುಂಚೆ ಎರಡು ಸಲ ಯೋಚನೆ ಮಾಡಿ.